ನೆರಳಿಗೆ ಮೀಟರ್ ಹಿಡಿಯಿರಿ

ಬಿಳಿ ಪಂಚೆ, ಬಿಳಿ ಜುಬ್ಬ ತೊಟ್ಟವರನ್ನು ಸುಣ್ಣ ಬಳಿದ ಗೋಡೆಯ ಮುಂದೆ ನಿಲ್ಲಿಸಿ, ಕ್ಯಾಮೆರಾದ ಮೀಟರ್ ತೋರಿಸಿದಂತೆಯೇ ಫೋಟೋ ತೆಗೆದರೆ ಗೋಡೆಯೂ ಪಂಚೆಯೂ ಮಾಸಲು ಬೂದಾಗಿ, ಮುಖ ಕಪ್ಪಗೆ ಬರುತ್ತದೆ. ಮೀಟರ್ ಕೆಟ್ಟಿಲ್ಲ. ಎದುರಿಗಿರುವುದು ಬಿಳಿಯೋ ಕಪ್ಪೋ ಅದಕ್ಕೆ ತಿಳಿಯದು. ಬಂದ ಬೆಳಕನ್ನಷ್ಟೇ ಅಳೆದು, ಚಿತ್ರ ನಡುಬೂದಿಗೆ ಬರುವಂತೆ ಲೆಕ್ಕ ಕೊಡುತ್ತದೆ. ಚೌಕಟ್ಟಿನ ತುಂಬ ಬಿಳಿಯೇ ಇದ್ದರೆ ಒಂದೂವರೆ, ಎರಡು ಸ್ಟಾಪ್ ಏರಿಸಬೇಕು. ಕರಿ ಎಮ್ಮೆ ತುಂಬಿಕೊಂಡಿದ್ದರೆ ಇಳಿಸಬೇಕು. ಒಂದು ಸ್ಟಾಪ್ ಏರಿದರೆ ಬೆಳಕು ಇಮ್ಮಡಿ: ಷಟರ್ 1/125ರಿಂದ 1/60ಕ್ಕೆ ಬಂದಷ್ಟು.

ಡಿಜಿಟಲ್‌ನಲ್ಲಿ ತಪ್ಪು ಆಗಿಂದಾಗಲೇ ಕಾಣುತ್ತದೆ. ಫಿಲಂನಲ್ಲಿ ರೋಲು ತೊಳೆಸಿ ತರುವವರೆಗೆ ಗೊತ್ತಾಗದು.

ನೆಗೆಟಿವ್ ಫಿಲಂನಲ್ಲಿ ಕಾಯಬೇಕಾದದ್ದು ನೆರಳನ್ನು. ಬೆಳಕು ಸಾಲದ ಕಡೆ ನೆಗೆಟಿವ್ ಬರೀ ಪಾರದರ್ಶಕವಾಗಿ ಉಳಿಯುತ್ತದೆ. ಅಲ್ಲಿ ದಾಖಲಾಗದ ವಿವರವನ್ನು ಯಾವ ಸ್ಕ್ಯಾನರೂ ಹೊರತೆಗೆಯಲಾರದು. ವಿವರ ಬೇಕಾದ ನೆರಳಿನ ಹತ್ತಿರ ಹೋಗಿ ಮೀಟರ್ ಹಿಡಿಯಿರಿ. ಅದು ನೆರಳನ್ನೂ ನಡುಬೂದು ಮಾಡಲು ಹೊರಡುವುದರಿಂದ, ಬಂದ ಲೆಕ್ಕದಿಂದ ಎರಡು ಸ್ಟಾಪ್ ಇಳಿಸಿ. ಸ್ಲೈಡ್ ಫಿಲಂ ಇದಕ್ಕೆ ತದ್ವಿರುದ್ಧ. ಬೆಳಕು ಹೆಚ್ಚಾದ ಕಡೆ ಬಣ್ಣವೇ ಹಾರಿಹೋಗುತ್ತದೆ, ಅರ್ಧ ಸ್ಟಾಪ್ ತಪ್ಪಿದರೂ ಎದ್ದು ಕಾಣುತ್ತದೆ.

1941ರ ಒಂದು ಸಂಜೆ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ಹರ್ನಾಂಡೆಸ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ್ದನ್ನು ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಕಂಡರು. ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಇನ್ನೇನು ಹೋಗುವುದರಲ್ಲಿತ್ತು, ಅವಸರದಲ್ಲಿ ಮೀಟರ್ ಸಿಗಲಿಲ್ಲ. ಆದರೆ ಚಂದ್ರನ ಪ್ರಕಾಶ ಚದರ ಅಡಿಗೆ 250 ಕ್ಯಾಂಡಲ್ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಅದರ ಮೇಲೆಯೇ ಲೆಕ್ಕ ಹಾಕಿ, ಫಿಲ್ಟರಿಗೂ ಸೇರಿಸಿ, ಎಫ್/32ರಲ್ಲಿ ಒಂದು ಸೆಕೆಂಡು ಕೊಟ್ಟರು. ಚಂದ್ರನ ವಿವರ ಉಳಿಯಿತು. ಮುನ್ನೆಲ ಮಾತ್ರ ನೆಗೆಟಿವ್‌ನಲ್ಲಿ ತೀರ ತೆಳುವಾಯಿತು. 1948ರಲ್ಲಿ ಅಷ್ಟು ಭಾಗವನ್ನು ರಾಸಾಯನಿಕದಿಂದ ಗಾಢಗೊಳಿಸಬೇಕಾಯಿತು. ಲೆಕ್ಕ ಅಷ್ಟು ಕರಗತವಾಗಿದ್ದವರನ್ನೂ ನೆರಳು ಹೀಗೆ ಕಾಡಿತು.

ಹಳೆಯ ಕ್ಯಾಮೆರಾ ಕೊಂಡವರು ಮೊದಲು ಮೀಟರನ್ನೇ ಪರೀಕ್ಷಿಸಲಿ. 1.35 ವೋಲ್ಟಿನ ಪಾದರಸದ ಸೆಲ್ಲಿಗೆಂದು ಮಾಡಿದ ಕ್ಯಾಮೆರಾಗೆ ಈಗ ಸಿಗುವ 1.5 ವೋಲ್ಟಿನದನ್ನು ಹಾಕಿದರೆ ಎಷ್ಟೋ ಸಲ ಅಳತೆ ತಪ್ಪುತ್ತದೆ. ಮೋಡವಿಲ್ಲದ ಮಧ್ಯಾಹ್ನ ಐಎಸ್‌ಓ 100 ಇಟ್ಟು, ಬಿಸಿಲು ಬಿದ್ದ ಹಸಿರು ಹುಲ್ಲಿನತ್ತ ತಿರುಗಿಸಿ: 1/125, ಎಫ್/16ರ ಆಸುಪಾಸು ತೋರಿಸಬೇಕು. ಒಂದು ಸ್ಟಾಪಿಗಿಂತ ಹೆಚ್ಚು ಆಚೀಚೆಯಾದರೆ ಫಿಲಂ ಹಾಕುವ ಮುನ್ನ ರಿಪೇರಿಗೆ ಕೊಡಿ, ಇಲ್ಲವೇ ಬೇರೆ ಕೈಮೀಟರ್ ಬಳಸಿ.