ಸೊಪ್ರಾನೊ ಸ್ಯಾಕ್ಸೊಫೋನಿನೊಳಗೆ ನಮ್ಮ ವಾಲಗ

ಜರ್ಮನಿಯ ಬಾಸ್ ವಾದಕ ಎಬರ್‌ಹಾರ್ಡ್ ವೇಬರ್ 1975ರ ಸೆಪ್ಟೆಂಬರಿನಲ್ಲಿ ನಾಲ್ವರ ಜಾಝ್ ತಂಡ ಕೂಡಿಸಿಕೊಂಡು ‘ಯೆಲ್ಲೋ ಫೀಲ್ಡ್ಸ್’ ಎಂಬ ಧ್ವನಿಮುದ್ರಿಕೆ ಮಾಡಿದರು. ವೇಬರ್ ಅವರ ಬಾಸ್, ರೈನರ್ ಬ್ರೂನಿಂಗ್‌ಹೌಸ್ ಅವರ ಕೀಬೋರ್ಡ್, ಯಾನ್ ಕ್ರಿಸ್ಟೆನ್ಸನ್ ಅವರ ಡ್ರಮ್ಸ್, ಈ ಮೂರರ ಮೇಲೆ ಚಾರ್ಲಿ ಮರಿಯಾನೊ ಅವರ ಸೊಪ್ರಾನೊ ಸ್ಯಾಕ್ಸೊಫೋನ್. ಅದು ಹೊರಬಂದು ದಶಕಗಳೇ ಕಳೆದರೂ ಅದರ ಮಾತು ಬಂದಾಗ ಜಾಝ್ ಪ್ರಿಯರು ಮೊದಲು ನೆನೆಯುವುದು ಆ ಸೊಪ್ರಾನೊವನ್ನೇ. ಹಾಡುವ ಗಂಟಲಿನಂತಹ ನಾದ, ಸ್ವರದಿಂದ ಸ್ವರಕ್ಕೆ ಜಾರುವ ಬಗೆ, ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಬೆಳೆಯುವ ಉಸಿರು: ಮೆಚ್ಚಿದವರು ಹೇಳುವ ಗುಣಗಳು ಇವು. ಮುದ್ರಿಕೆಯ ಹೊದಿಕೆಯಲ್ಲಿ ಮರಿಯಾನೊ ಹೆಸರಿನ ಮುಂದೆ ಸೊಪ್ರಾನೊ ಜೊತೆಗೆ ಇನ್ನೆರಡು ವಾದ್ಯಗಳೂ ಅಚ್ಚಾಗಿವೆ. ಒಂದು ಶೆಹನಾಯ್, ಇನ್ನೊಂದು ನಾಗಸ್ವರ. ಶಿಡ್ಲಘಟ್ಟದ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳದಲ್ಲಿ ಮೊಳಗುವ ಅದೇ ನಾಗಸ್ವರ. ಆ ಸೊಪ್ರಾನೊಗೆ ಸಂದ ಮೆಚ್ಚುಗೆಯ ಒಂದು ಪಾಲು ನಮ್ಮ ವಾಲಗಕ್ಕೆ ಸಲ್ಲಬೇಕೆಂಬುದು ನನ್ನ ವಾದ.

ಇದನ್ನು ಅಭಿಮಾನದ ಮಾತೆಂದು ತಳ್ಳಿಹಾಕುವ ಮುನ್ನ ಎರಡೂ ವಾದ್ಯಗಳ ಮೈಕಟ್ಟು ನೋಡಬೇಕು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದ ಸ್ಯಾಕ್ಸೊಫೋನ್ ಕುಟುಂಬದಲ್ಲಿ ಆಲ್ಟೊ, ಟೆನರ್‌ಗಳು ಬಾಗಿದ ಕತ್ತಿನವು. ಸೊಪ್ರಾನೊ ಸಾಮಾನ್ಯವಾಗಿ ನೆಟ್ಟಗಿರುತ್ತದೆ. ಮೇಲೆ ಸಣ್ಣಗೆ, ಕೆಳಗೆ ಅಗಲ. ನಾಗಸ್ವರವೂ ಹಾಗೆಯೇ. ಇಂಥ ಶಂಕುವಿನಾಕಾರದ ಕೊಳವೆಯಲ್ಲಿ ಒತ್ತಿ ಊದಿದರೆ ನಾದ ನೇರವಾಗಿ ಮೇಲಿನ ಷಡ್ಜಕ್ಕೆ, ಅಂದರೆ ಮುಂದಿನ ಸ್ಥಾಯಿಗೆ ಏರುತ್ತದೆ. ಕ್ಲಾರಿನೆಟ್ಟಿನ ಸಮಗಾತ್ರದ ಕೊಳವೆಯಲ್ಲಿ ಹೀಗಾಗುವುದಿಲ್ಲ, ಅದು ಒಂದು ಸ್ಥಾಯಿ ದಾಟಿ ಪಂಚಮಕ್ಕೆ ಹಾರುತ್ತದೆ. ವ್ಯತ್ಯಾಸಗಳೂ ದೊಡ್ಡವೇ. ನಾಗಸ್ವರದ ಪೀಪಿಗೆ ಎರಡು ಎಸಳು, ಸ್ಯಾಕ್ಸೊಫೋನಿಗೆ ಒಂದೇ. ಅಲ್ಲಿ ಬೆರಳು ನೇರವಾಗಿ ತೂತಿನ ಮೇಲೆ, ಇಲ್ಲಿ ನಡುವೆ ಲೋಹದ ಕೀಲಿ. ಆದರೆ ಸೊಪ್ರಾನೊಗೆ ಅಂಟಿದ ಒಂದು ಹಳೆಯ ದೂರು ಇಲ್ಲಿ ಮುಖ್ಯವಾಗುತ್ತದೆ. ಅದರ ಕೊಳವೆ ಸಣ್ಣದಾದ್ದರಿಂದ ತುಟಿಯ ಹಿಡಿತ ಕೂದಲೆಳೆಯಷ್ಟು ಬದಲಾದರೂ ಶ್ರುತಿ ಕದಲುತ್ತದೆ. ಪಾಶ್ಚಾತ್ಯ ವಾದ್ಯಗೋಷ್ಠಿಯಲ್ಲಿ ಇದು ದೋಷ. ಸ್ವರವನ್ನು ಬಳುಕಿಸಿ ಗಮಕ ತೆಗೆಯಬೇಕೆನ್ನುವವರಿಗೆ ಇದೇ ವರ. ಬಹುಕಾಲ ಸೊಪ್ರಾನೊವನ್ನು ಜಾಝ್‌ನವರು ದೂರವಿಟ್ಟಿದ್ದಕ್ಕೆ ಈ ಚಂಚಲತೆ ಒಂದು ಕಾರಣವಾಗಿದ್ದರೆ, ಮುಂದೆ ಅದನ್ನು ಕೇಳುಗರು ಮನಸಾರೆ ಹಚ್ಚಿಕೊಳ್ಳಲೂ ಅದೇ ಕಾರಣವಾಯಿತು.

ಸಿಡ್ನಿ ಬೆಶೆ ಎಂಬ ಮೇಧಾವಿ ಜಾಝ್‌ನ ಮೊದಲ ದಶಕಗಳಲ್ಲೇ ಸೊಪ್ರಾನೊ ನುಡಿಸಿದ್ದರು. 1950ರ ದಶಕದಲ್ಲಿ ಸ್ಟೀವ್ ಲೇಸಿ ಅದನ್ನು ಮತ್ತೆ ಕೈಗೆತ್ತಿಕೊಂಡರು. ಲಕ್ಷಾಂತರ ಕಿವಿಗಳಿಗೆ ಅದನ್ನು ತಲುಪಿಸಿದವರು ಜಾನ್ ಕೋಲ್ಟ್ರೇನ್. 1960ರ ಅಕ್ಟೋಬರಿನಲ್ಲಿ ತಮ್ಮ ನಾಲ್ವರ ತಂಡದೊಂದಿಗೆ ಅವರು ಸಂಗೀತ ನಾಟಕವೊಂದರ ‘ಮೈ ಫೇವರಿಟ್ ಥಿಂಗ್ಸ್’ ಎಂಬ ಹಾಡನ್ನು ಎತ್ತಿಕೊಂಡು ಹದಿಮೂರು ನಿಮಿಷಕ್ಕೂ ಹೆಚ್ಚು ಬೆಳೆಸಿದರು. ಮೆಕಾಯ್ ಟೈನರ್ ಪಿಯಾನೊದಲ್ಲಿ ಒಂದೆರಡು ಸ್ವರಮೇಳಗಳನ್ನೇ (ಕಾರ್ಡ್) ಮತ್ತೆ ಮತ್ತೆ ತಿರುಗಿಸುತ್ತಾರೆ, ಎಲ್ವಿನ್ ಜೋನ್ಸ್ ಡ್ರಮ್ಸ್‌ನಲ್ಲಿ ಮೂರೆಣಿಕೆಯ ನಡೆಯನ್ನು ಒಡೆದು ಕೂಡಿಸುತ್ತಾರೆ, ಮೇಲೆ ಸೊಪ್ರಾನೊ ಒಂದೇ ನೆಲೆಯ ಸುತ್ತ ಸುತ್ತುತ್ತ ಏರುತ್ತದೆ. ತಿಸ್ರ ನಡೆ ಬಲ್ಲ ಕಿವಿಗೆ, ಶ್ರುತಿಯ ಮೇಲೆ ರಾಗ ಬಿಡಿಸುವುದನ್ನು ಕೇಳಿ ಬೆಳೆದ ಕಿವಿಗೆ ಇದು ದೂರದ್ದೆನಿಸುವುದಿಲ್ಲ. ಕೋಲ್ಟ್ರೇನ್ ಆ ವರ್ಷಗಳಲ್ಲಿ ರವಿಶಂಕರ್ ಅವರ ಮುದ್ರಿಕೆಗಳನ್ನು ಕೇಳುತ್ತಿದ್ದರು; 1961ರಲ್ಲಿ ‘ಇಂಡಿಯಾ’ ಎಂಬ ಕೃತಿ ನುಡಿಸಿದರು; 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದು ಹೆಸರಿಟ್ಟರು. ಅಮೆರಿಕದ ಒಬ್ಬ ವಿಮರ್ಶಕರಂತೂ 1961ರಲ್ಲೇ ಅವರ ಸಂಗೀತವನ್ನು ಜಾಝ್‌ಗೆ ವಿರುದ್ಧವಾದದ್ದೆಂದು ಜರೆದಿದ್ದರು. ಕೇಳುಗರು ಆ ತೀರ್ಪನ್ನು ಒಪ್ಪಲಿಲ್ಲ.

ಕೋಲ್ಟ್ರೇನ್ ಕೇಳಿ ಕಲಿತರು, ಮರಿಯಾನೊ ಕೂತು ಕಲಿತರು. ಬಾಸ್ಟನ್‌ನಲ್ಲಿ 1923ರಲ್ಲಿ ಹುಟ್ಟಿದ, ಚಾರ್ಲ್ಸ್ ಮಿಂಗಸ್‌ರಂಥ ದಿಗ್ಗಜರೊಡನೆ ನುಡಿಸಿ ಹೆಸರಾಗಿದ್ದ ಈ ಆಲ್ಟೊ ವಾದಕರು 1960ರ ದಶಕದ ಉತ್ತರಾರ್ಧದಲ್ಲಿ ಮಲೇಷ್ಯಾದಲ್ಲಿದ್ದಾಗ ನಾಗಸ್ವರಕ್ಕೆ ಮರುಳಾದರು. ಅಲ್ಲಿ ಅಭ್ಯಾಸ ಆರಂಭಿಸಿ ಮುಂದೆ ದಕ್ಷಿಣ ಭಾರತಕ್ಕೂ ಬಂದು ಕಲಿತರು. ನಡುವಯಸ್ಸಿನಲ್ಲಿ, ಹೆಸರು ಬಂದ ಮೇಲೆ, ತುಟಿ ಸೋಲಿಸುವ ವಾದ್ಯವನ್ನು ಮೊದಲಿನಿಂದ ಹಿಡಿಯುವುದು ಸಣ್ಣ ವಿನಯವಲ್ಲ. ನಂತರ ಅವರ ಸೊಪ್ರಾನೊ ಏನಾಯಿತೆಂಬುದಕ್ಕೆ ‘ಯೆಲ್ಲೋ ಫೀಲ್ಡ್ಸ್’ ಒಂದು ಸಾಕ್ಷಿ. ಇನ್ನೂ ಹತ್ತಿರದ ಸಾಕ್ಷಿ ಶಿಡ್ಲಘಟ್ಟದಿಂದ ಒಂದೆರಡು ತಾಸಿನ ಹಾದಿಯ ಬೆಂಗಳೂರಿಗೆ ಸೇರಿದ್ದು. ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಂದಿಗೆ ಮರಿಯಾನೊ 1983ರಲ್ಲಿ ‘ಜ್ಯೋತಿ’ ಮುದ್ರಿಕೆ ಮಾಡಿದರು. ಅದರಲ್ಲಿ ಆರ್.ಎ. ರಮಾಮಣಿ ಅವರ ಗಾಯನ, ಮಣಿ ಅವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ, ಟಿ.ಎನ್. ಶಶಿಕುಮಾರ್ ಅವರ ಖಂಜಿರ. ಪಿಯಾನೊ ಇಲ್ಲ, ಡ್ರಮ್ಸ್ ಇಲ್ಲ. ರಮಾಮಣಿ ಅವರ ಕಂಠದ ಪಕ್ಕದಲ್ಲಿ ಸೊಪ್ರಾನೊ ಸಂಗತಿ ಹಿಡಿದು ಹೋಗುವಾಗ, ಎಲ್ಲಿ ಕಂಠ ನಿಂತಿತು, ಎಲ್ಲಿ ಕೊಳವೆ ಶುರುವಾಯಿತು ಎಂಬುದನ್ನು ಗುರುತಿಸಲು ಕಿವಿಗೊಟ್ಟು ಕೇಳಬೇಕು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಜಾಝ್ ನಿಂತಿರುವುದು ಸ್ವರಮೇಳಗಳ ಚಲನೆಯ ಮೇಲೆ, ನಮ್ಮ ರಾಗ ನಿಂತಿರುವುದು ಒಂದೇ ಆಧಾರ ಷಡ್ಜದ ಮೇಲೆ. ಹೀಗಿರುವಾಗ ಹೋಲಿಕೆ ಬರೀ ಮೇಲುಮೇಲಿನದಲ್ಲವೇ? 1940ರ ದಶಕದ ಜಾಝ್ ಕುರಿತು ಈ ಮಾತು ನಿಜ. ಆದರೆ 1959ರ ‘ಕೈಂಡ್ ಆಫ್ ಬ್ಲೂ’ ಮುದ್ರಿಕೆಯಲ್ಲಿ ಮೈಲ್ಸ್ ಡೇವಿಸ್ ಸ್ವರಮೇಳಗಳ ಓಟ ನಿಲ್ಲಿಸಿ, ಒಂದೊಂದು ಸ್ವರಶ್ರೇಣಿಯಲ್ಲಿ ಬಹುಹೊತ್ತು ನೆಲೆನಿಲ್ಲುವ ದಾರಿ ತೋರಿದರು. ಆ ಮುದ್ರಿಕೆಯಲ್ಲಿ ಕೋಲ್ಟ್ರೇನ್ ಇದ್ದರು. ಸೊಪ್ರಾನೊ ಮತ್ತೆ ಮೇಲೆದ್ದದ್ದು ಈ ದಾರಿ ತೆರೆದ ಮೇಲೆಯೇ. ಉಸಿರು ಉದ್ದಕ್ಕೆ ಹರಿಯಲು ಕೆಳಗೆ ಅಲುಗದ ನೆಲ ಬೇಕು. ವಾಲಗದಲ್ಲಿ ಒತ್ತು ಊದುವವರು ಕೊಡುತ್ತಿದ್ದದ್ದು ಆ ನೆಲವನ್ನೇ, ಈಗ ಶ್ರುತಿಪೆಟ್ಟಿಗೆ ಕೊಡುತ್ತದೆ. ಟೈನರ್ ಪಿಯಾನೊದಲ್ಲಿ, ವೇಬರ್ ಬಾಸ್‌ನಲ್ಲಿ ಅದನ್ನು ಬೇರೊಂದು ರೀತಿಯಲ್ಲಿ ಹಾಸಿದರು. ಡೋಲಿನವರು ನಾಗಸ್ವರದ ಸಂಗತಿಗೆ ಪಡಿಯಾಗಿ ಕೊಡುವ ಉತ್ತರಕ್ಕೂ ಎಲ್ವಿನ್ ಜೋನ್ಸ್ ಕೊಡುವ ಉತ್ತರಕ್ಕೂ ಲೆಕ್ಕ ಬೇರೆ. ಊದುವವರನ್ನು ಕೆಣಕಿ ಮೇಲೇರಿಸುವ ಕೆಲಸ ಮಾತ್ರ ಒಂದೇ.

ನಮ್ಮ ಕಡೆಯ ಸಂಪ್ರದಾಯಸ್ಥರ ಆಕ್ಷೇಪ ಬೇರೆ: ಕೀಲಿಯ ವಾದ್ಯದಲ್ಲಿ ಗಮಕ ಬಾರದು. ಇದಕ್ಕೆ ಉತ್ತರ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಿಂದ ಬಂತು. ನಾಗಸ್ವರ ವಾದಕ ತನಿಯಪ್ಪನವರ ಮಗ ಕದ್ರಿ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಮನಸೋತರು. ಅವರದು ಹೆಚ್ಚಾಗಿ ಆಲ್ಟೊ, ಸೊಪ್ರಾನೊದಷ್ಟು ಸುಲಭಕ್ಕೆ ಬಳುಕದ ವಾದ್ಯ. ವರ್ಷಾನುಗಟ್ಟಲೆ ಸಾಧನೆ ಮಾಡಿ, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಮಾರ್ಗದರ್ಶನ ಪಡೆದು, ಅದರಲ್ಲೇ ತೋಡಿ, ಕಲ್ಯಾಣಿಗಳನ್ನು ಬಿಡಿಸಿ ತೋರಿಸಿದರು. 1980ರ ಮುಂಬೈ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ತಾವೂ ಜೊತೆಗೂಡಿ ನುಡಿಸಲು ಮುಂದೆ ಬಂದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆ ಅವರನ್ನು ಕರೆಯಿತು. ಕರ್ನಾಟಕ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಂತಪ್ಪ ಆಲ್ಟೊ ಹಿಡಿದು ಜಾಝ್‌ನಲ್ಲಿ ಹೆಸರು ಮಾಡಿದವರು. ಅವರು ಗೋಪಾಲನಾಥರೊಂದಿಗೆ ‘ಕಿನ್ಸ್‌ಮೆನ್’ ಮಾಡಿದ್ದು 2008ರಲ್ಲಿ. ಮರಿಯಾನೊ ನಾಗಸ್ವರ ಕಲಿತು ಸ್ಯಾಕ್ಸೊಫೋನಿಗೆ ಮರಳಿದರು, ಗೋಪಾಲನಾಥ್ ನಾಗಸ್ವರದ ಮನೆಯಿಂದಲೇ ಸ್ಯಾಕ್ಸೊಫೋನಿಗೆ ನಡೆದರು. ಇಬ್ಬರ ದಾರಿಯೂ ಹಾದದ್ದು ಅದೇ ಕರಿಮರದ ಕೊಳವೆಯ ಮುಂದೆ.

ಹಾಗಾದರೆ ಸ್ಯಾಕ್ಸೊಫೋನ್ ನಾಗಸ್ವರದ ಅನ್ನ ಕಿತ್ತುಕೊಂಡಿತಲ್ಲ ಎಂಬ ಸಂಕಟದ ಮಾತೂ ಇದೆ. ಇದನ್ನು ಪೂರ್ತಿ ಅಲ್ಲಗಳೆಯಲಾರೆ. ಗೋಪಾಲನಾಥರ ಜನಪ್ರಿಯತೆಯ ಮೇಲೆ ಎಷ್ಟೋ ಮದುವೆ ಚಪ್ಪರಗಳಲ್ಲಿ ಹಿತ್ತಾಳೆಯ ಹೊಳಪು ಬಂದು ಕೂತಿದೆ. ಆದರೂ ವಾಲಗವನ್ನು ನಿಜಕ್ಕೂ ಸೊರಗಿಸುತ್ತಿರುವುದು ಇನ್ನೊಂದು ವಾದ್ಯಕ್ಕಿಂತ ಹೆಚ್ಚಾಗಿ ನಾವು ಅದನ್ನು ಕೇಳುವ ಕ್ರಮ. ರೇಷ್ಮೆ ಬಿಚ್ಚುವವರು ಎಳೆ ತುಂಡಾಗದಂತೆ ಕಣ್ಣಿಟ್ಟು ಕೂರುವ ಊರು ಶಿಡ್ಲಘಟ್ಟ. ಅಲ್ಲೇ ಮದುವೆಯಲ್ಲಿ ವಾಲಗದವರ ಎಳೆ ಹತ್ತು ಕಡೆ ಕಡಿಯುತ್ತದೆ. ‘ವರ ಬಂದ, ನಿಲ್ಲಿಸಿ’, ‘ಧಾರೆ ಶುರು, ಊದಿ’, ‘ಫೋಟೊ ಹೊತ್ತು, ಸುಮ್ಮನಿರಿ’ ಎಂಬ ಅಪ್ಪಣೆಗಳು. ರಾಗವೊಂದು ಮೈತಳೆಯುವಷ್ಟು ಹೊತ್ತು ಅವರಿಗೆ ಸಿಗುವುದೇ ಇಲ್ಲ. ಕೋಲ್ಟ್ರೇನರ ಹದಿಮೂರು ನಿಮಿಷವನ್ನು ಉಸಿರು ಬಿಗಿಹಿಡಿದು ಕೇಳುವ ಕಿವಿಗಳು ನಮ್ಮಲ್ಲೂ ಇವೆ. ಗುರುಪೂರ್ಣಿಮೆಯ ಹೊತ್ತಿಗೆ ಕೈವಾರದಲ್ಲಿ ನಡೆಯುವ ಸಂಗೀತೋತ್ಸವಕ್ಕೆ ಸುತ್ತಲಿನ ತಾಲ್ಲೂಕುಗಳ ಜನ ಬಂದು ಕೂರುತ್ತಾರೆ. ಶಿವರಾತ್ರಿಯ ಮರುದಿನ ನಂದಿಯ ಭೋಗನಂದೀಶ್ವರನ ತೇರಿಗೆ ಜನ ಕಿಕ್ಕಿರಿಯುತ್ತಾರೆ. ಹೀಗೆ ಸೇರುವ, ಕೂತು ಕೇಳುವ ಜನರಿರುವಾಗ ಊರೂರ ದೇವಸ್ಥಾನ ಸಮಿತಿಗಳು, ಮದುವೆ ಮಾಡುವ ಮನೆಗಳು, ವಾಲಗದವರನ್ನು ವೇದಿಕೆಯ ನಡುವೆ ಕೂರಿಸಿ, ಒಳ್ಳೆಯ ಮೈಕು ಕೊಟ್ಟು, ಅರ್ಧ ಗಂಟೆ ಒಂದೇ ರಾಗ ಬೆಳೆಸಲು ಬಿಡಲಿ. ಆ ಅರ್ಧ ಗಂಟೆಗೆ ಬೇರೆಯಾಗಿ ಸಂಭಾವನೆಯನ್ನೂ ಕೊಡಲಿ.