ಗೇಟಿನ ಕೆಳಗಿನ ಹನ್ನೆರಡು ನಿಮಿಷ

ಕಾಂಕ್ರೀಟ್ ಕಲಸುವುದು ಯಂತ್ರ, ಸಾಗಿಸುವುದು ಗಾಡಿ. ನನ್ನದು ಇವೆರಡರ ನಡುವಿನ ಕೆಲಸ. ಹೆದ್ದಾರಿ ಬದಿಯ ಪ್ಲಾಂಟಿನ ಕ್ಯಾಬಿನ್ನಿನಲ್ಲಿ ಕೂತು, ಕಲಸಿದ ಮಾಲನ್ನು ಕೆಳಗೆ ನಿಂತ ಗಾಡಿಯ ಡ್ರಮ್ಮಿಗೆ ಇಳಿಸುತ್ತೇನೆ. ನೋಡುವವರಿಗೆ ಇದು ಬರೀ ಗುಂಡಿ ಒತ್ತುವ ಕೆಲಸ.

ದಾವಣಗೆರೆಯ ಎಂ.ಸಿ.ಸಿ. ಬಡಾವಣೆ ಬಿ ಬ್ಲಾಕಿನಲ್ಲಿರುವ ನಮ್ಮ ಸೋದರತ್ತೆಗೂ ಹಾಗೇ ಅನ್ನಿಸಿತ್ತು. ಮೇಲಂತಸ್ತು ಕಟ್ಟಿಸುತ್ತಿದ್ದರು. ‘ಕೆಳಗಿನ ಮನೆಗೆ ಮೋಲ್ಡ್ ಹಾಕಿದಾಗ ಕಲಸೋ ಮಿಲ್ಲರ್ ಬಾಗಿಲ ಮುಂದೇನೇ ಇತ್ತಲ್ಲೋ. ಎಷ್ಟು ಚೀಲ ಸಿಮೆಂಟ್ ಬಿತ್ತು, ಎಷ್ಟು ಬಾಂಡ್ಲಿ ಜಲ್ಲಿ ಬಿತ್ತು, ಕುರ್ಚಿ ಹಾಕ್ಕೊಂಡು ಎಣಿಸಿದ್ದೆ. ಈಗ ಎಲ್ಲೋ ಕಲಸಿ ತಂದು ಸುರೀತಾರೆ, ನಂಬು ಅಂತೀಯ’ ಎಂದರು. ನ್ಯಾಯವಾದ ಮಾತು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸಾವಿರ ಚದರಡಿಯ ಚಾವಣಿಗೆ ಐದು ಇಂಚು ದಪ್ಪ ಹಾಕಿದರೆ ಸುಮಾರು 12 ಘನ ಮೀಟರ್ ಮಾಲು ಬೇಕು. ತೊಲೆಗಳ ಲೆಕ್ಕ ಬೇರೆ. ಒಂದು ಗಾಡಿ ಹೊರುವುದು 6 ಘನ ಮೀಟರ್. ಒಂದು ಘನ ಮೀಟರ್ ಹತ್ತಿರ ಹತ್ತಿರ 2,400 ಕಿಲೋ ತೂಗುವುದರಿಂದ ಗಾಡಿಯ ಬೆನ್ನ ಮೇಲೆ ಹದಿನಾಲ್ಕು ಟನ್ನಿಗೂ ಹೆಚ್ಚು ಭಾರ. ನಮ್ಮಂಥ ಸಣ್ಣ ಪ್ಲಾಂಟ್ ಗಂಟೆಗೆ 30 ಘನ ಮೀಟರ್ ಕೊಡುತ್ತದೆ. ಅಂದರೆ ಒಂದು ಗಾಡಿ ತುಂಬಲು ಹನ್ನೆರಡು ನಿಮಿಷ. ಮಿಕ್ಸರಿನ ಹೊಟ್ಟೆ ಅರ್ಧ ಘನ ಮೀಟರಿನದು, ಹಾಗಾಗಿ ಹನ್ನೆರಡು ಸಲ ಕಲಸಿ ಹನ್ನೆರಡು ಸಲ ಇಳಿಸಬೇಕು.

ಜಲ್ಲಿ, ಎಂ-ಸ್ಯಾಂಡ್ ಎಂಬ ತಯಾರಿಸಿದ ಮರಳು, ಸಿಮೆಂಟ್, ಹಾರುಬೂದಿ, ನೀರು, ರಾಸಾಯನಿಕ ಎಲ್ಲವೂ ತೂಕವಾಗಿಯೇ ಮಿಕ್ಸರಿಗೆ ಬೀಳುತ್ತವೆ. ಅತ್ತೆ ಬಾಂಡ್ಲಿ ಎಣಿಸಿದ್ದಕ್ಕಿಂತ ಈ ತೂಕ ನಂಬಿಕಸ್ಥ. ಮೋಸ ಮಾಡುವುದು ನೀರು. ಒಂದು ಘನ ಮೀಟರಿಗೆ 350 ಕಿಲೋ ಸಿಮೆಂಟ್ ಇದ್ದರೆ 175 ಲೀಟರ್ ನೀರು ಎಂದಿಟ್ಟುಕೊಳ್ಳಿ. ರಾತ್ರಿ ಮಳೆ ಬಂದು ಎಂ-ಸ್ಯಾಂಡ್ ನೆಂದಿದ್ದರೆ ಅದರಲ್ಲೇ ನೂರಕ್ಕೆ ಐದು ಪಾಲು ನೀರು ಅಡಗಿರುತ್ತದೆ. 800 ಕಿಲೋ ಮರಳಿಗೆ 40 ಲೀಟರ್ ಆಯಿತು. ಅದನ್ನು ಕಳೆಯದೆ ಗುಂಡಿ ಒತ್ತಿದರೆ ಬರುವುದು ಕಾಂಕ್ರೀಟಲ್ಲ, ಗಂಜಿ.

ಇನ್ನೊಂದು ಕಳ್ಳ ನೀರು ಗಾಡಿಯಲ್ಲೇ ಬರುತ್ತದೆ. ಹಿಂದಿನ ಟ್ರಿಪ್ ಮುಗಿಸಿದ ಚಾಲಕ ಡ್ರಮ್ ತೊಳೆದಿರುತ್ತಾನೆ. ತೊಳೆದ ನೀರು ನೂರು ಲೀಟರ್ ಒಳಗೇ ಉಳಿದರೆ ನನ್ನ ಪರದೆಯ ಮೇಲೆ ಅದು ಕಾಣುವುದಿಲ್ಲ, ಗಾಡಿಯ ಜೊತೆ ಹೋಗುವ ಚೀಟಿಯಲ್ಲೂ ಬರುವುದಿಲ್ಲ. ಆದರೆ ಆರು ಘನ ಮೀಟರಿಗೆ ಹಂಚಿದರೆ ಒಂದೊಂದಕ್ಕೆ ಹದಿನೇಳು ಲೀಟರ್, ಹಾಕಬೇಕಾದ ನೀರಿನ ಹತ್ತನೇ ಒಂದು ಪಾಲು. ಸಿಮೆಂಟಿಗೂ ನೀರಿಗೂ ಇರಬೇಕಾದ ಲೆಕ್ಕ ಕೆಟ್ಟಷ್ಟೂ ಗಟ್ಟಿತನ ಕುಗ್ಗುತ್ತದೆ. ಅದಕ್ಕೇ ಮಿಕ್ಸರಿನ ಗೇಟಿನ ಕೆಳಗೆ ಬರುವ ಮೊದಲು ಡ್ರಮ್ಮನ್ನು ಉಲ್ಟಾ ತಿರುಗಿಸಿ ಪೂರ್ತಿ ಬಸಿಯಬೇಕು. ‘ಬಸಿದೀನಣ್ಣ’ ಅಂದರೆ ಸಾಲದು, ನನ್ನ ಕಣ್ಣ ಮುಂದೆ ಬಸಿ ಅನ್ನುತ್ತೇನೆ. ಈ ವಿಷಯದಲ್ಲಿ ಚಾಲಕರಿಗೆ ನನ್ನ ಮೇಲೆ ಅಷ್ಟು ಪ್ರೀತಿಯಿಲ್ಲ.

ಗಾಡಿ ಹಿಮ್ಮುಖವಾಗಿ ಬಂದು, ಹಿಂಭಾಗದ ಆಲಿಕೆ ಸರಿಯಾಗಿ ನಮ್ಮ ರಬ್ಬರ್ ಕೊಳವೆಯ ಕೆಳಗೆ ನಿಲ್ಲಬೇಕು. ಒಂದು ಗೇಣು ಆಚೀಚೆ ಆದರೂ ಮಾಲು ಆಲಿಕೆಯ ಅಂಚಿಗೆ ಬಡಿದು ದಪ್ಪ ಜಲ್ಲಿ ಹೊರಕ್ಕೆ ಸಿಡಿಯುತ್ತದೆ, ಗಾರೆ ಮಾತ್ರ ಒಳಗೆ ಇಳಿಯುತ್ತದೆ. ತುಂಬುವಾಗ ಡ್ರಮ್ ಜೋರಾಗಿ, ನಿಮಿಷಕ್ಕೆ ಹತ್ತು ಹನ್ನೆರಡು ಸುತ್ತು ತಿರುಗುತ್ತಿರಬೇಕು. ಡ್ರಮ್ಮಿನ ಒಳಗೋಡೆಗೆ ತಿರುಪಿನಂತೆ ಸುತ್ತಿದ ಉಕ್ಕಿನ ಪಟ್ಟಿಗಳಿವೆ. ಒಂದು ಕಡೆ ತಿರುಗಿದರೆ ಅವು ಮಾಲನ್ನು ಒಳಕ್ಕೆ ಎಳೆಯುತ್ತವೆ, ಇನ್ನೊಂದು ಕಡೆ ತಿರುಗಿದರೆ ಹೊರಕ್ಕೆ ತಳ್ಳುತ್ತವೆ. ಡ್ರಮ್ ನಿಧಾನವಿದ್ದು ನಾನು ಗೇಟನ್ನು ಪೂರ್ತಿ ತೆರೆದರೆ ಗಂಟಲು ಕಟ್ಟುತ್ತದೆ. ಆಮೇಲೆ ಸಲಿಕೆ ಹಿಡಿದು ಏಣಿ ಹತ್ತಬೇಕು, ಹಿಂದೆ ನಿಂತ ಗಾಡಿಯವರ ಹಾರ್ನ್ ಬೇರೆ. ಗೇಟನ್ನು ಮೊದಲು ಅರ್ಧ ತೆರೆದು, ಡ್ರಮ್ ನುಂಗುವ ಸದ್ದು ಕೇಳಿ, ಆಮೇಲೆ ಪೂರ್ತಿ ತೆರೆಯುತ್ತೇನೆ. ಕಂಪ್ಯೂಟರಿಗೆ ಬಿಟ್ಟರೂ ನಡೆಯುತ್ತದೆ. ನನಗೆ ಕಿವಿಯ ಮೇಲೇ ಹೆಚ್ಚು ಭರವಸೆ.

ಇಷ್ಟೆಲ್ಲ ಏಕೆ, ಟಿಪ್ಪರಿನಲ್ಲಿ ಸುರಿದು ಒಯ್ದರಾಗದೇ? ಮೊದಮೊದಲು ಹಾಗೇ ಮಾಡಿದ್ದರು. ಕಲಸಿದ ಕಾಂಕ್ರೀಟ್ ಮಾರುವ ವಿಚಾರಕ್ಕೆ ಜರ್ಮನಿಯಲ್ಲಿ 1903ರಲ್ಲೇ ಪೇಟೆಂಟ್ ಸಿಕ್ಕಿತ್ತು. ಅಮೆರಿಕದ ಬಾಲ್ಟಿಮೋರಿನಲ್ಲಿ 1913ರಲ್ಲಿ ಮಾರಾಟ ಶುರುವಾಯಿತು. ಆದರೆ ಟಿಪ್ಪರಿನಲ್ಲಿ ದಾರಿಯ ಕುಲುಕಾಟಕ್ಕೆ ಜಲ್ಲಿ ತಳ ಸೇರಿ ನೀರು ಮೇಲೆ ನಿಲ್ಲುತ್ತಿತ್ತು. ಸ್ಟೀಫನ್ ಸ್ಟೆಪಾನಿಯನ್ ಎಂಬಾತ 1916ರಲ್ಲಿ ತಿರುಗುವ ಡ್ರಮ್ಮಿನ ಗಾಡಿಗೆ ಪೇಟೆಂಟ್ ಕೇಳಿದರೆ, ಅಷ್ಟು ಭಾರವನ್ನು ಯಾವ ಲಾರಿ ಹೊರುತ್ತದೆ ಎಂದು ತಳ್ಳಿಹಾಕಿದರಂತೆ. ನಮ್ಮ ದೇಶದಲ್ಲಿ ಈ ವ್ಯವಹಾರ ನೆಲೆ ಕಂಡದ್ದು 1990ರ ದಶಕದಲ್ಲಿ. ದಾವಣಗೆರೆಯ ಗಲ್ಲಿಗಳಿಗೆ ಈ ಗಾಡಿಗಳನ್ನು ಚೆನ್ನಾಗಿ ಪರಿಚಯಿಸಿದ್ದು ಸ್ಮಾರ್ಟ್ ಸಿಟಿ ಯೋಜನೆಯ ಕಾಂಕ್ರೀಟ್ ರಸ್ತೆಗಳು. 2016ರ ಮೊದಲ ಸ್ಮಾರ್ಟ್ ಸಿಟಿ ಪಟ್ಟಿಯ 20 ಊರುಗಳಲ್ಲಿ ನಮ್ಮದೂ ಒಂದು.

ಸಿಮೆಂಟಿಗೆ ನೀರು ತಾಗಿದ ಗಳಿಗೆಯಿಂದ ಗಡಿಯಾರ ಓಡುತ್ತದೆ. ಎರಡು ಗಂಟೆಯೊಳಗೆ ಮಾಲು ಇಳಿಯಬೇಕೆಂದು ಭಾರತೀಯ ಮಾನಕ ಐ.ಎಸ್. 4926 ಹೇಳುತ್ತದೆ. ದಾವಣಗೆರೆ ದೊಡ್ಡ ಊರಲ್ಲ, ನಿಜ. ಆದರೆ ಹೆದ್ದಾರಿ ಒಂದು ಬದಿ, ಎಂ.ಸಿ.ಸಿ. ಇನ್ನೊಂದು ಬದಿ, ನಡುವೆ ರೈಲು ಹಳಿ. ಏಪ್ರಿಲ್ ಬಿಸಿಲಿನಲ್ಲಿ ಡ್ರಮ್ಮಿನ ಉಕ್ಕು ಮುಟ್ಟಲಾಗದಷ್ಟು ಕಾದಿರುತ್ತದೆ, ಮಾಲು ಬೇಗ ಬಿಗಿಯುತ್ತದೆ. ಬೇಸಿಗೆಯಲ್ಲಿ ಬೆಳಗಿನ ಜಾವವೇ ಮೊದಲ ಗಾಡಿ ಬಿಡುವುದು ಇದಕ್ಕೇ. ಗಾಡಿ ಕೆಟ್ಟು ದಾರಿಯಲ್ಲಿ ನಿಂತರೆ ಡ್ರಮ್ಮಿಗೆ ಸಕ್ಕರೆ ಸುರಿಯುವುದುಂಟು. ಸಕ್ಕರೆ ಬಿದ್ದ ಸಿಮೆಂಟ್ ಬೇಗ ಗಟ್ಟಿಯಾಗದು. ಆ ಮಾಲನ್ನು ಚೆಲ್ಲಲೇಬೇಕು, ಡ್ರಮ್ ಮಾತ್ರ ಉಳಿಯುತ್ತದೆ. ಇಲ್ಲವಾದರೆ ಒಳಗಿಳಿದು ಉಳಿ ಸುತ್ತಿಗೆಯಿಂದ ಕೆತ್ತಬೇಕು.

ಅತ್ತೆ ಮನೆಯ ಮೋಲ್ಡ್ ದಿನ ನಾನು ರಜೆ ಹಾಕಿ ಹೋಗಿದ್ದೆ. ಗಾಡಿ ಬಂದ ಕೂಡಲೇ ಅತ್ತೆ ಚೀಟಿ ಇಸಿದುಕೊಂಡು, ಕನ್ನಡಕ ಏರಿಸಿ, ನೀರು ಹಾಕಿದ ಹೊತ್ತನ್ನು ಓದಿದರು. ಪಂಪಿಗೆ ಮಾಲು ಬಿಗಿ ಅನ್ನಿಸಿ ಮೇಸ್ತ್ರಿ, ‘ಒಂದೆರಡು ಕೊಡ ನೀರು ಹೊಡಿರಿ, ಸಲೀಸಾಗಿ ಹೋಗುತ್ತೆ’ ಎಂದ. ಹಳೇ ಚಾಳಿ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ‘ನೀರು ಬೇಕಾದ್ರೆ ನೀ ಕುಡಿಯಪ್ಪ’ ಅಂದರು. ನಮ್ಮ ಪ್ಲಾಂಟಿನ ಲ್ಯಾಬಿನ ಹುಡುಗ ಅಳೆದು ಮಾಲು ಸಡಿಲಿಸುವ ರಾಸಾಯನಿಕ ಹಾಕಿದ, ಡ್ರಮ್ ಕೆಲವು ನಿಮಿಷ ಜೋರಾಗಿ ತಿರುಗಿತು, ಮಾಲು ಪೈಪಿನಲ್ಲಿ ಹರಿಯಿತು. ಗಟ್ಟಿತನದ ಪರೀಕ್ಷೆಗೆಂದು 150 ಮಿಲಿಮೀಟರಿನ ಅಚ್ಚುಗಳಲ್ಲಿ ಘನಗಳನ್ನೂ ತುಂಬಿಸಿದೆವು. ಅವನ್ನು 28ನೇ ದಿನ ಒಡೆದು ನೋಡುತ್ತಾರೆ ಎಂದಾಗ, ‘ಅಷ್ಟು ದಿನ ನಾನು ಸುಮ್ನೆ ಕೂರಬೇಕಾ?’ ಎಂದು ಕೇಳಿದರು. ಸುಮ್ಮನಲ್ಲ, ಹಾರುಬೂದಿ ಬೆರೆತ ಮಾಲಿಗೆ ಕಡಿಮೆಯೆಂದರೂ ಹತ್ತು ದಿನ ನೀರು ಕಟ್ಟಬೇಕು, ಈ ಬಿಸಿಲಿಗೆ ಹದಿನಾಲ್ಕಾದರೆ ಒಳ್ಳೆಯದು ಎಂದೆ.

ಕೊನೆಯ ಗಾಡಿಯಲ್ಲಿ ಸ್ವಲ್ಪ ಮಾಲು ಉಳಿಯಿತು. ವಾಪಸು ಒಯ್ಯುತ್ತೇವೆಂದ ಚಾಲಕನನ್ನು ಅತ್ತೆ ಬಿಡಲಿಲ್ಲ. ‘ದುಡ್ಡು ಕೊಟ್ಟೀನಿ, ಗೇಟಿನ ಮುಂದೆ ಹಾಕ್ರಿ’ ಎಂದು ಗಾಡಿ ನಿಲ್ಲಿಸುವಷ್ಟು ಜಾಗವನ್ನು ಗಾರೆಯವನಿಂದ ತಟ್ಟಿಸಿಕೊಂಡರು.