ಹಳೇ ಕತಿ ಹೊಸದು ಆಗೋದು ಹೆಂಗ?

 

ನಮ್ಮ ಗೋಡೆ ಪತ್ರಿಕೆಯ ಮುಂದೆ ನಿಂತು ಓದುವವರ ಬಾಯಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. "ಏ, ಇದು ಗೊತ್ತಿರೋ ಕತಿ ಬಿಡೋ!" ಈ ಒಂದು ಮಾತಿಗೆ ಹೆದರಿ ಎಷ್ಟೋ ಮಂದಿ ಕತೆ ಬರೆದು ಕೊಡುವುದನ್ನೇ ಬಿಟ್ಟಿದ್ದಾರೆ. ಐದನೇ ಇಯತ್ತೆಯವರಂತೂ ಈಗ ಬರೀ ಒಗಟು, ನಗೆಹನಿ, ನುಡಿಮುತ್ತು ಇಷ್ಟೇ ಕೊಡುತ್ತಾರೆ. ಕತೆಯ ಜಾಗದಲ್ಲಿ ಹೂವಿನ ಚಿತ್ರ ಬಿಡಿಸಿ ಅಂಟಿಸುವ ಪಾಳಿ ಬಂದಿದೆ. ಅದಕ್ಕೇ ಈ ಲೇಖನ ಬರೆದಿದ್ದೇನೆ.

ನಾನು ಹೇಳುವುದು ಇಷ್ಟೇ. ಗೊತ್ತಿರುವ ಕತೆ ಬರೆಯುವುದು ತಪ್ಪಲ್ಲ. ದೊಡ್ಡ ದೊಡ್ಡ ಬರಹಗಾರರೂ ಗೊತ್ತಿರುವ ಕತೆಯನ್ನೇ ಬರೆದಿದ್ದಾರೆ. ಆದರೆ ಅವರು ಇದ್ದದ್ದನ್ನು ಇದ್ದ ಹಾಗೇ ಇಳಿಸಲಿಲ್ಲ. ಹಾಗಾದರೆ ಏನು ಮಾಡಿದರು? ಅದನ್ನು ನೋಡೋಣ.

ಮಣ್ಣು ಒಂದೇ

ನಮ್ಮ ಖಾನಾಪುರದ ಮಣ್ಣು ಹಂಚಿಗೆ, ಗಡಿಗೆಗೆ ಹೆಸರಾದದ್ದು. ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇದೆ. ಕುಂಬಾರ ಅಜ್ಜ ತಿಗರಿಯ ಮೇಲೆ ದಿನಾ ಅದೇ ಮಣ್ಣು ಇಡುತ್ತಾನೆ. ಒಂದು ದಿನ ನೀರಿನ ಕೊಡ ಆಗುತ್ತದೆ, ಮರುದಿನ ಹಣತೆ ಆಗುತ್ತದೆ. "ಅಜ್ಜಾ, ಇದು ಹಳೇ ಮಣ್ಣು, ನಮಗ ಬ್ಯಾಡ" ಅಂತ ಯಾರೂ ಅನ್ನುವುದಿಲ್ಲ. ಕೊಡ ಸೋರದಿದ್ದರೆ ಆಯಿತು.

ಕತೆಯೂ ಹಾಗೇ. ಕಾಗಕ್ಕ ಗುಬ್ಬಕ್ಕನ ಕತೆ ನಮ್ಮ ತಾಲೂಕಿನ ಕನ್ನಡ ಮನೆಯಲ್ಲೂ ಇದೆ, ಮರಾಠಿ ಮನೆಯಲ್ಲೂ ಇದೆ. ಗುಬ್ಬಿಯ ಮನೆ ಕಲ್ಲಿನದು ಅಂತ ಕನ್ನಡದಲ್ಲಿ ಕೆಲವರು ಹೇಳುತ್ತಾರೆ. ಮರಾಠಿಯವರು ಅದು ಮೇಣದ ಮನೆ ಅನ್ನುತ್ತಾರೆ. ಎಲ್ಲಿ ಹೇಳಿದರೂ ಕಾಗೆಯ ಮನೆ ಮಾತ್ರ ಮಳೆಗೆ ಕೊಚ್ಚಿ ಹೋಗಲೇಬೇಕು! ಯಾವುದು ಮೊದಲಿನ ಕತೆ ಅಂತ ಯಾರೂ ಜಗಳ ಆಡಿಲ್ಲ. ಎರಡೂ ಮನೆಯ ಕೂಸುಗಳು ಕೇಳುತ್ತಾ ಮಲಗಿದ್ದಾವೆ.

ಸಿಂಡ್ರೆಲಾ ಮತ್ತು ಹಂಚಿ

ಎ. ಕೆ. ರಾಮಾನುಜನ್ ಎಂಬ ದೊಡ್ಡ ವಿದ್ವಾಂಸರಿದ್ದರು. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. 1950ರ ದಶಕದಲ್ಲಿ ಅವರು ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಮುಂದೆ ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದರು. 1993ರಲ್ಲಿ ತೀರಿಕೊಂಡರು. ಅಷ್ಟು ಓದಿದವರು ನಮ್ಮ ಕಡೆಯ ಅಕ್ಷರ ಬಾರದ ಆಯಿಗಳ ಮುಂದೆ ಕುಳಿತು ಕತೆ ಕೇಳಿ ಬರೆದುಕೊಂಡರು. ಅವರು ಸಂಗ್ರಹಿಸಿದ ಕತೆಗಳಲ್ಲಿ ಒಂದು "ಹಂಚಿ".

ಸಿಂಡ್ರೆಲಾ ಕತೆ ನಮಗೆಲ್ಲ ಗೊತ್ತು. ಕಷ್ಟಪಡುವ ಹುಡುಗಿ, ಕಳೆದುಹೋದ ಗಾಜಿನ ಬೂಟು, ಹುಡುಕಿಕೊಂಡು ಬರುವ ರಾಜಕುಮಾರ. ಇದನ್ನು ಫ್ರಾನ್ಸ್ ದೇಶದ ಪೆರೋ ಎಂಬವರು 1697ರಲ್ಲಿ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಆದರೆ ಅದಕ್ಕೂ ಎಷ್ಟೋ ಮೊದಲು, ಸುಮಾರು 9ನೇ ಶತಮಾನದಲ್ಲಿಯೇ, ಚೀನಾ ದೇಶದಲ್ಲಿ ಇಂಥದೇ ಕತೆಯನ್ನು ಬರೆದಿಟ್ಟಿದ್ದರು. ಅದರಲ್ಲಿ ಹುಡುಗಿಗೆ ಸಹಾಯ ಮಾಡುವುದು ಒಂದು ಮೀನು. ಬೂಟು ಬಂಗಾರದ್ದು.

ಈಗ ನಮ್ಮ ಹಂಚಿಯನ್ನು ನೋಡಿರಿ. ಅವಳಿಗೆ ಬಂಗಾರದ ಕೂದಲು. ಮಗಳಿಗೆ ಬಂದ ಆಪತ್ತು ತಪ್ಪಿಸಲು ತಾಯಿ ಅವಳ ಮುಖಕ್ಕೆ ಸರಿಯಾಗಿ ಮಣ್ಣಿನ ಮುಖವಾಡ ಮಾಡಿ ಹಾಕಿ ಮನೆಯಿಂದ ಕಳಿಸುತ್ತಾಳೆ. ಹಂಚಿನಂಥ ಮುಖ ನೋಡಿ ಜನ ಅವಳನ್ನು ಹಂಚಿ ಅಂತ ಕರೆಯುತ್ತಾರೆ. ಅವಳು ಸಾವುಕಾರರ ಮನೆಯಲ್ಲಿ ಅಡುಗೆ ಮಾಡಿಕೊಂಡು ಇರುತ್ತಾಳೆ. ಒಂದು ದಿನ ಯಾರೂ ಇಲ್ಲದಾಗ ಮುಖವಾಡ ತೆಗೆದು ಎಣ್ಣೆ ಹಚ್ಚಿಕೊಂಡು ಎರಕೊಳ್ಳುವಾಗ ಸಾವುಕಾರರ ಮಗ ನೋಡಿ ಅವಳ ನಿಜ ರೂಪ ತಿಳಿಯುತ್ತಾನೆ.

ಗಾಜಿನ ಬೂಟು ಎಲ್ಲಿ ಹೋಯಿತು? ನಮ್ಮ ಕಡೆ ಗಾಜಿನ ಬೂಟು ಯಾರು ಹಾಕ್ತಾರ! ಕತೆ ಹೇಳಿದ ಹೆಣ್ಣುಮಗಳು ತನ್ನ ಕಣ್ಣ ಮುಂದೆ ಇದ್ದದ್ದನ್ನು ತೆಗೆದುಕೊಂಡಳು. ಹಂಚು, ಅಡುಗೆ ಮನೆ, ಎಣ್ಣೆ ನೀರು. ಅಷ್ಟೇ ಅಲ್ಲ, ಕತೆಯ ಪ್ರಶ್ನೆಯೇ ಬದಲಾಯಿತು. ಅಲ್ಲಿ "ಈ ಬೂಟು ಯಾರ ಕಾಲಿಗೆ ಹೊಂದುತ್ತದೆ?" ಎಂಬ ಪ್ರಶ್ನೆ. ಇಲ್ಲಿ "ಈ ಮಣ್ಣಿನ ಹಿಂದೆ ಇರುವವಳು ಯಾರು?" ಎಂಬ ಪ್ರಶ್ನೆ. ದಿನಾ ನಮ್ಮ ಮನೆಯಲ್ಲಿ ದುಡಿಯುವವರ ಮುಖವನ್ನು ನಾವು ಸರಿಯಾಗಿ ನೋಡಿದ್ದೇವೆಯೇ ಎಂದು ಈ ಕತೆ ಕೇಳುವಂತಿದೆ.

ಒಂದು ಹಾವು, ಎರಡು ನಾಟಕ

ಹಾವು ಮನುಷ್ಯನ ರೂಪದಲ್ಲಿ ಒಬ್ಬ ಹೆಣ್ಣುಮಗಳ ಹತ್ತಿರ ಬರುವ ಜನಪದ ಕತೆ ಕರ್ನಾಟಕದ ಬಹಳ ಕಡೆ ಇದೆ. ಇಂಥ ಕತೆಯ ಮೇಲೆ ಇಬ್ಬರು ದೊಡ್ಡವರು ನಾಟಕ ಬರೆದಿದ್ದಾರೆ. ಒಬ್ಬರು ಗಿರೀಶ ಕಾರ್ನಾಡರು. ಅವರ ನಾಟಕ "ನಾಗಮಂಡಲ" (1988). ಇನ್ನೊಬ್ಬರು ನಮ್ಮ ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು. ಅವರ ನಾಟಕ "ಸಿರಿಸಂಪಿಗೆ". ಇದಕ್ಕೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಬ್ಬರಿಗೂ ಜ್ಞಾನಪೀಠ ಪ್ರಶಸ್ತಿಯೂ ಬಂದಿದೆ.

ಕಾರ್ನಾಡರು ಕತೆಯನ್ನು ಹೆಂಡತಿಯ ಕಡೆಯಿಂದ ನೋಡಿದರು. ರಾಣಿ ಎಂಬ ಹುಡುಗಿ. ಗಂಡ ಅಪ್ಪಣ್ಣ ಅವಳನ್ನು ಮನೆಯಲ್ಲಿ ಕೂಡಿ ಕೀಲಿ ಹಾಕಿ ಹೋಗುತ್ತಾನೆ. ಮಧ್ಯಾಹ್ನ ಊಟಕ್ಕೆ ಮಾತ್ರ ಬರುತ್ತಾನೆ. ಕುರುಡವ್ವ ಎಂಬ ಮುದುಕಿ ಗಂಡನ ಪ್ರೀತಿ ಸಿಗಲೆಂದು ಬೇರು ಕೊಡುತ್ತಾಳೆ. ಬೇರು ಹಾಕಿದ ಸಾರು ಕೆಂಪಗಾಗಿದ್ದು ನೋಡಿ ರಾಣಿ ಹೆದರಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಹುತ್ತದ ನಾಗಪ್ಪ ಅದನ್ನು ಕುಡಿದು, ರಾತ್ರಿ ಅಪ್ಪಣ್ಣನ ರೂಪದಲ್ಲಿ ಬಂದು ಪ್ರೀತಿಯಿಂದ ಮಾತಾಡುತ್ತಾನೆ. ಹಗಲು ಬೈಯುವ ಗಂಡ, ರಾತ್ರಿ ಸಮಾಧಾನ ಮಾಡುವ ಗಂಡ. ಅವಳಿಗೆ ಏನೂ ತಿಳಿಯದು. ಕಡೆಗೆ ಪಂಚರ ಮುಂದೆ ಅವಳು ನಾಗರಹಾವನ್ನು ಕೈಯಲ್ಲಿ ಹಿಡಿದು ಪ್ರಮಾಣ ಮಾಡಬೇಕಾಗುತ್ತದೆ. ಹಾವಿನ ಕತೆ ಹಳೆಯದು. "ಕೀಲಿ ಹಾಕಿದ ಮನೆಯೊಳಗೆ ಆ ಹುಡುಗಿಗೆ ಹೇಗೆ ಅನ್ನಿಸುತ್ತಿತ್ತು?" ಎಂಬ ಪ್ರಶ್ನೆ ಹೊಸದು.

ಕಂಬಾರರು ಗಂಡಿನ ಕಡೆಯಿಂದ ನೋಡಿದರು. ಅವರ ನಾಟಕದ ರಾಜಕುಮಾರ ಶಿವನಾಗ ತನ್ನನ್ನೇ ಎರಡು ಭಾಗ ಮಾಡಿಕೊಳ್ಳುತ್ತಾನೆ. ಅದರಲ್ಲಿ ಒಂದು ಭಾಗ ಹಾವಾಗುತ್ತದೆ. "ಮನುಷ್ಯ ತನ್ನೊಳಗೇ ಎರಡಾದರೆ ಏನು ಗತಿ?" ಇದು ಅವರ ಪ್ರಶ್ನೆ. ನೋಡಿರಿ, ಹಾವು ಒಂದೇ, ಪ್ರಶ್ನೆ ಬೇರೆ. ಅದಕ್ಕೇ ಒಂದು ನಾಟಕ ನೋಡಿದವರು ಇನ್ನೊಂದನ್ನು ನೋಡಿ "ಗೊತ್ತಿರೋ ಕತಿ" ಅನ್ನುವ ಹಾಗಿಲ್ಲ. ನಾಗಮಂಡಲ 1993ರಲ್ಲಿ ಅಮೆರಿಕದಲ್ಲಿಯೂ ಪ್ರಯೋಗವಾಯಿತು. 1997ರಲ್ಲಿ ಟಿ. ಎಸ್. ನಾಗಾಭರಣರು ಅದನ್ನು ಸಿನಿಮಾ ಮಾಡಿದರು.

ಇನ್ನೊಂದು ಮಾತು. ಕಾರ್ನಾಡರು ಈ ಕತೆ ತಮಗೆ ರಾಮಾನುಜನ್ ಅವರಿಂದ ತಿಳಿಯಿತು ಎಂದು ತಾವೇ ಬರೆದಿದ್ದಾರೆ. ಮುಚ್ಚಿಡಲಿಲ್ಲ. ಎಲ್ಲಿಂದ ತಂದೆವು ಎಂದು ಹೇಳಿದರೆ ಮರ್ಯಾದೆ ಕಡಿಮೆ ಆಗುವುದಿಲ್ಲ.

ಹೆಸರು ಬದಲಿಸಿದರೆ ಸಾಲದು

ಈಗ ನಮ್ಮ ಕತೆಗೆ ಬರೋಣ. "ತೋಳ ಬಂತು ತೋಳ" ಎಲ್ಲರಿಗೂ ಬಾಯಿಪಾಠ. ಕುರಿ ಕಾಯುವ ಹುಡುಗ ಎರಡು ಸಲ ಸುಳ್ಳು ಕೂಗುತ್ತಾನೆ. ಮೂರನೇ ಸಲ ನಿಜವಾಗಿ ತೋಳ ಬಂದಾಗ ಯಾರೂ ಬರುವುದಿಲ್ಲ. ನೀತಿ: ಸುಳ್ಳು ಹೇಳಬಾರದು.

ಇದರಲ್ಲಿ ತೋಳ ತೆಗೆದು ಆನೆ ಹಾಕೋಣ. ನಮ್ಮ ತಾಲೂಕಿನಲ್ಲಿ ಆನೆ ಬಂದು ಭತ್ತ, ಕಬ್ಬು ತುಳಿಯುವುದು ಉಂಟು. ಕುರಿ ತೆಗೆದು ಭತ್ತದ ಗದ್ದೆ ಹಾಕೋಣ. ಹುಡುಗನಿಗೆ ಬಸ್ಯಾ ಅಂತ ಹೆಸರಿಡೋಣ. ಕತೆ ಹೊಸದಾಯಿತೇ? ಇಲ್ಲ. ಹಳೇ ಅಂಗಿಗೆ ಹೊಸ ಗುಂಡಿ ಹಚ್ಚಿದಂತೆ ಆಯಿತು. ಓದುವವರಿಗೆ ಕೊನೆ ಮೊದಲೇ ಗೊತ್ತು.

ಈಗ ಒಂದು ಪ್ರಶ್ನೆ ಕೇಳೋಣ. ಬಸ್ಯಾ ಸುಳ್ಳು ಯಾಕೆ ಕೂಗಿದ? ಹಳೇ ಕತೆಯಲ್ಲಿ ಚೇಷ್ಟೆಗೆ ಕೂಗುತ್ತಾನೆ. ಚೇಷ್ಟೆ ಅಲ್ಲ ಅಂದರೆ? ನಾನು ಹೀಗೆ ಬರೆದೆ:

ಬಸ್ಯಾನ ಅಪ್ಪ ಕೆಲಸಕ್ಕೆ ಗೋವಾಕ್ಕೆ ಹೋಗಿದ್ದಾನೆ. ಗದ್ದೆ ಕಾಯಲು ಮನೆಯಲ್ಲಿ ಬೇರೆ ಗಂಡಸರಿಲ್ಲ. ಬಸ್ಯಾ ಒಬ್ಬನೇ ಅಟ್ಟದ ಮೇಲೆ ಕೂಡುತ್ತಾನೆ. ಸುತ್ತಲೂ ಕತ್ತಲು, ಅಡವಿ. ಮೊದಲ ರಾತ್ರಿ ಹೆದರಿಕೆ ತಡೆಯಲಾಗದೆ "ಆನಿ ಬಂತು ಆನೀ!" ಎಂದು ಕೂಗಿದ. ಊರವರು ಡಬ್ಬಿ ಬಾರಿಸುತ್ತಾ ಓಡಿಬಂದರು. ಆನೆ ಇರಲಿಲ್ಲ. ಬೈದರು. ಆದರೆ ಒಬ್ಬ ಕಾಕಾ ಮಾತ್ರ ಬೆಳಗಾಗುವ ತನಕ ಅವನ ಹತ್ತಿರ ಕುಳಿತು ಮಾತಾಡಿದ. ಎರಡನೇ ರಾತ್ರಿ ಬಸ್ಯಾ ಮತ್ತೆ ಕೂಗಿದ. ಅವನಿಗೆ ಬೇಕಾಗಿದ್ದದ್ದು ಜೊತೆ. ಆ ರಾತ್ರಿ ಯಾರೂ ಕೂಡಲಿಲ್ಲ, ಬೈದು ಹೋದರು. ಮೂರನೇ ರಾತ್ರಿ ಆನೆ ನಿಜವಾಗಿ ಬಂತು. ಯಾರೂ ಏಳಲಿಲ್ಲ. ಭತ್ತ ಹಾಳಾಯಿತು. ಮುಂಜಾನೆ ಎಲ್ಲರೂ "ಸುಳ್ಳ ಹೇಳಿದ್ರ ಹಿಂಗ ಆಗೋದು" ಅಂದರು. ಆಗ ಬಸ್ಯಾನ ಆಯಿ ಅಂದಳು: "ಹುಡುಗ ಸುಳ್ಳ ಹೇಳಿದ್ದು ತಪ್ಪು, ಖರೆ. ಹನ್ನೆರಡ ವರ್ಷದ ಹುಡುಗನ್ನ ಅಡವ್ಯಾಗ ಒಬ್ಬನ್ನ ಬಿಟ್ಟು ನೀವೆಲ್ಲಾ ಮಲಗಿದ್ರಲ್ಲ, ಅದು ಯಾರ ತಪ್ಪು?" ಯಾರೂ ಮಾತಾಡಲಿಲ್ಲ. ಅಂದು ರಾತ್ರಿಯಿಂದ ಊರಿನಲ್ಲಿ ಕಾವಲಿಗೆ ಪಾಳಿ ಹಚ್ಚಿದರು. ಅಟ್ಟಕ್ಕೆ ಇಬ್ಬರಂತೆ.

ಕೂಗುವುದು ಮೂರು ಸಲವೇ ಇದೆ. ಸುಳ್ಳೂ ಇದೆ. ನಷ್ಟವೂ ಇದೆ. ಬದಲಾಗಿದ್ದು "ಯಾಕೆ" ಎನ್ನುವುದು ಒಂದೇ. ಅದು ಬದಲಾದ ಕೂಡಲೇ ಕೊನೆಯೂ ತಾನೇ ಬದಲಾಯಿತು.

ರಾಯಣ್ಣನ ಕತೆ ಬರೆಯುವಾಗ

ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಮ್ಮ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಸಮಾಧಿಯ ಹತ್ತಿರದ ಆಲದ ಮರವನ್ನು ಅವನ ಸಂಗಡಿಗನೇ ನೆಟ್ಟ ಎಂದು ಹೇಳುತ್ತಾರೆ. ಪ್ರತಿ ವರ್ಷ ನಾವು ಈ ಕತೆ ಬರೆಯುತ್ತೇವೆ, ಎಲ್ಲರದೂ ಒಂದೇ ಥರ ಇರುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಇದು ನಡೆದ ಸಂಗತಿ. ಇದರಲ್ಲಿ ಇಸವಿ, ಊರು, ನಡೆದ ಘಟನೆ ಯಾವುದನ್ನೂ ನಮ್ಮ ಮನಸ್ಸಿಗೆ ಬಂದಂತೆ ಬದಲಿಸಬಾರದು. ಆದರೆ ನಿಂತು ನೋಡುವ ಜಾಗ ಬದಲಿಸಬಹುದು. ಲಾವಣಿ ಹಾಡುವವರು ರಾಯಣ್ಣನ ಶೌರ್ಯ ಹಾಡುತ್ತಾರೆ. ನಾವು ಆ ಸಸಿ ನೆಟ್ಟವನ ಬಗ್ಗೆ ಬರೆಯಬಹುದಲ್ಲವೇ? ಸಿಟ್ಟು, ದುಃಖ ಎರಡೂ ಇದ್ದವನು ಮರ ಯಾಕೆ ನೆಟ್ಟ? ಇದೊಂದೇ ಪ್ರಶ್ನೆ ಸಾಕು. ಪ್ರಬಂಧ ಬೇರೆಯೇ ಆಗುತ್ತದೆ. ಊಹಿಸಿ ಬರೆದದ್ದನ್ನು ಊಹೆ ಎಂದು ಮೊದಲೇ ಹೇಳಬೇಕು.

ನೆನಪಿಡಬೇಕಾದ ಮಾತುಗಳು

1. ಮೊದಲು ಹಳೇ ಕತೆಯನ್ನು ಪೂರ್ತಿ ತಿಳಿದುಕೊಳ್ಳಬೇಕು. ಅರ್ಧ ತಿಳಿದರೆ ಹೊಸದು ಮಾಡಲು ಬರುವುದಿಲ್ಲ.
2. ಕತೆಯಲ್ಲಿ ಯಾರು ಮಾತೇ ಆಡುವುದಿಲ್ಲ ಎಂದು ನೋಡಬೇಕು. ಅವರನ್ನು ಮಾತಾಡಿಸಬೇಕು.
3. "ಯಾಕೆ?" ಎಂದು ಕೇಳಬೇಕು. ಹಳೇ ಉತ್ತರಕ್ಕೆ ತೃಪ್ತಿ ಆಗಬಾರದು.
4. ನೋಡದ ಅರಮನೆಗಿಂತ ನೋಡಿದ ಗದ್ದೆ, ಸಂತೆ, ಬಸ್ ಸ್ಟ್ಯಾಂಡ್ ಒಳ್ಳೆಯದು.
5. ಎಲ್ಲವನ್ನೂ ಬದಲಿಸಬಾರದು. ಒಂದೆರಡು ಹಳೇ ಗುರುತು ಇರಲಿ. ಓದುವವರಿಗೆ "ಇದು ಅದೇ ಕತಿ" ಅನ್ನಿಸಬೇಕು, ಆಮೇಲೆ "ಅಲ್ಲ, ಇದು ಬ್ಯಾರೆ ಐತಿ" ಅನ್ನಿಸಬೇಕು.
6. ಬೇರೆಯವರ ವಾಕ್ಯ ಇದ್ದಂತೆ ಇಳಿಸಿದರೆ ಅದು ಕಳವು. ಕತೆ ಯಾರಿಂದ ಕೇಳಿದೆವೋ ಅವರ ಹೆಸರು ಕೆಳಗೆ ಬರೆಯಬೇಕು.

ಹೇಳದ ಕತೆ ಸುಮ್ಮನಿರುವುದಿಲ್ಲ

ರಾಮಾನುಜನ್ ಸಂಗ್ರಹಿಸಿದ ಇನ್ನೊಂದು ಕತೆ ಹೇಳಿ ಮುಗಿಸುತ್ತೇನೆ. ಒಬ್ಬ ಹೆಣ್ಣುಮಗಳಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಒಳಗೇ ಇದ್ದು ಅವುಗಳಿಗೆ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದಾಗ ಹೊರಗೆ ಜಿಗಿದವು. ಕತೆ ಬಾಗಿಲ ಮುಂದೆ ಬೂಟಾಗಿ ಕುಳಿತಿತು. ಹಾಡು ಗೂಟಕ್ಕೆ ಕೋಟಾಗಿ ತೂಗಿತು. ಗಂಡ ಬಂದು "ಇವು ಯಾರವು?" ಎಂದು ಸಂಶಯಪಟ್ಟು ಜಗಳಾಡಿ ಹನುಮಪ್ಪನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಗುಡಿಗೆ ಬಂದು ಮಾತಾಡಿಕೊಳ್ಳುವಾಗ ಅವನಿಗೆ ನಿಜ ತಿಳಿಯಿತು. ಮನೆಗೆ ಬಂದು ಹೆಂಡತಿಯನ್ನು ಆ ಕತೆ, ಹಾಡು ಯಾವುದೆಂದು ಕೇಳಿದ. ಅವಳಿಗೆ ಮರೆತೇ ಹೋಗಿತ್ತು!

ಈ ಕತೆಯನ್ನೂ ಕಾರ್ನಾಡರು ನಾಗಮಂಡಲದಲ್ಲಿ ಸೇರಿಸಿದ್ದಾರೆ. ಆದರೆ ಅಲ್ಲಿ ಬೂಟು, ಕೋಟು ಇಲ್ಲ. ಕತೆ ಒಬ್ಬ ಹುಡುಗಿ ಆಗುತ್ತದೆ, ಹಾಡು ಅವಳ ಸೀರೆ ಆಗುತ್ತದೆ. ಕೇಳುವವರು ಬೇಕೆಂದು ಅವಳು ಗುಡಿಗೆ ಬರುತ್ತಾಳೆ.

ನಮ್ಮ ಮನೆಗಳಲ್ಲಿ ಆಯಿ, ಅಜ್ಜ ಹೇಳುವ ಕತೆಗಳು ಯಾವ ಪುಸ್ತಕದಲ್ಲೂ ಇಲ್ಲದಿರಬಹುದು. "ಗೊತ್ತಿರೋ ಕತಿ" ಎಂದು ನಾವು ನಕ್ಕರೆ, ಬರೆಯುವವರು ಬರೆಯುವುದಿಲ್ಲ, ಹೇಳುವವರು ಹೇಳುವುದಿಲ್ಲ. ಆಮೇಲೆ ಕೇಳಿದರೆ ಅವರಿಗೂ ಮರೆತಿರುತ್ತದೆ.

ಆದ್ದರಿಂದ ಐದನೇ ಇಯತ್ತೆಯಿಂದ ಏಳನೇ ಇಯತ್ತೆಯ ತನಕ ಎಲ್ಲರಲ್ಲಿ ವಿನಂತಿ. ಮುಂದಿನ ಸಂಚಿಕೆಗೆ ಒಬ್ಬೊಬ್ಬರು ಮನೆಯಲ್ಲಿ ಕೇಳಿದ ಒಂದು ಕತೆ ತರಬೇಕು. ಅದರ ಕೆಳಗೆ ನಿಮಗೆ ಹೊಳೆದ ಒಂದು "ಯಾಕೆ" ಬರೆಯಬೇಕು. ಮರಾಠಿಯಲ್ಲಿ ಕೇಳಿದ್ದಾದರೆ ಕನ್ನಡಕ್ಕೆ ತಂದು ಕೊಡಿರಿ. ಕತೆಗಳನ್ನು ಶನಿವಾರ ಮುಂಜಾನೆ ಪ್ರಾರ್ಥನೆ ಆದ ಮೇಲೆ ನನ್ನ ಹತ್ತಿರ ಕೊಡಬಹುದು. ಹೂವಿನ ಚಿತ್ರ ಈ ಸಲ ಸಾಕು.

— 7ನೇ ಇಯತ್ತೆಯ ವಿದ್ಯಾರ್ಥಿನಿ